ಹೊಲದ ಚಿಟ್ಟಿಲಿ

ಹೋಟೆಲಿನವರಿಗೂ ಇಲಿಗೂ ಇರುವ ವೈರವನ್ನು ದಾಸ್ತಾನು ಕೋಣೆಯಲ್ಲಿ ಅಕ್ಕಿಮೂಟೆ ಕಾಯ್ದ ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಆದರೆ ಇಲಿಗಳೆಲ್ಲ ಒಂದೇ ಅಲ್ಲವೆಂಬುದನ್ನು ನಾನು ಕಲಿತದ್ದು, ಗಲ್ಲಾದಲ್ಲಿ ಕುಳಿತಿದ್ದ ಕಾಲದಲ್ಲಿ ಬಾಳೆಯೆಲೆಗಾಗಿ ವಸಾಯಿಗೆ ಹೋದಾಗ. ರೈತನೊಬ್ಬನು ಗದ್ದೆಯ ಬದುವನ್ನು ಅಗೆಯುತ್ತಿದ್ದನು. ಬೆರಳುದ್ದದ ಪ್ರಾಣಿಯೊಂದು ಹೊರಬಿದ್ದಿತು. ನನ್ನ ಜೊತೆಗಿದ್ದ ಹುಡುಗನು ಕಲ್ಲೆತ್ತಲು, "ಬಿಡಪ್ಪಾ, ಇದು ನಿಮ್ಮ ಹೋಟೆಲಿನದಲ್ಲ, ನಮ್ಮ ಹೊಲದ್ದು" ಎಂದು ರೈತನು ಮರಾಠಿಯಲ್ಲಿ ಹೇಳಿ ತಡೆದನು.

ಆತನ ಮಾತು ನಿಜ. ಈ ಹೊಲದ ಚಿಟ್ಟಿಲಿಯ ದೇಹ ಆರೇಳು ಸೆಂಟಿಮೀಟರು. ಬಾಲವೂ ಹೆಚ್ಚುಕಡಿಮೆ ಅಷ್ಟೇ. ತೂಕ ಸುಮಾರು 10 ಗ್ರಾಂ. ಬೆನ್ನು ಕಂದು, ಹೊಟ್ಟೆ ಬಿಳುಪು. ಮೂತಿ ಚೂಪು, ಕಿವಿ ದೊಡ್ಡದು. ಬದುಗಳಲ್ಲಿ ಬಿಲ ತೋಡಿ, ರಾತ್ರಿ ಹೊರಟು ಕಾಳು, ಹುಳುಗಳನ್ನು ತಿನ್ನುತ್ತದೆ. ಬೆಳೆಗೆ ಹಾನಿ ಮಾಡುವುದುಂಟು. ಗೂಬೆಗೆ ಆಹಾರವಾಗುವುದೂ ಉಂಟು. ಮನೆಯೊಳಗೆ ಬರುವುದು ವಿರಳ.

ಶಾಸ್ತ್ರದಲ್ಲಿ ಇದರ ಹೆಸರು 'ಮಸ್ ಬೂಡುಗ'. ಲಂಡನ್ನಿನ ಗ್ರೇ ಎಂಬವರು 1837ರಲ್ಲಿ ಇದನ್ನು 'ಲೆಗ್ಗಡ' ಎಂಬ ಪಂಗಡಕ್ಕೆ ಸೇರಿಸಿ ವರ್ಣಿಸಿದರು. ಮಾದರಿ ಸಿಕ್ಕಿದ್ದು ಧಾರವಾಡವನ್ನು ಒಳಗೊಂಡಿದ್ದ ಅಂದಿನ ದಕ್ಷಿಣ ಮರಾಠಾ ಪ್ರಾಂತದಲ್ಲಿ. ಆ ಸೀಮೆಯ ಪ್ರಾಣಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದವನು ವಾಲ್ಟರ್ ಎಲಿಯಟ್. 1824ರಲ್ಲಿ ಕಿತ್ತೂರು ಚೆನ್ನಮ್ಮನ ಸೆರೆಯಲ್ಲಿದ್ದ ಅಧಿಕಾರಿಯೂ ಅವನೇ! 'ಲೆಗ್ಗಡೆ' ಎಂಬುದು ಇದರ ಬಳಗದ ಮುಳ್ಳಿಲಿಗೆ ಮಣ್ಣು ಕೆಲಸದ ವಡ್ಡರು, ಅಂದರೆ ಇಂದಿನ ಭೋವಿ ಜನ, ಇಟ್ಟಿದ್ದ ಹೆಸರು. ಆ ಮುಳ್ಳಿಲಿ ಬಿಲದೊಳಗೆ ಸೇರಿದ ಮೇಲೆ ಬಾಯಿಗೆ ಸಣ್ಣ ಹರಳುಗಳನ್ನು ಮುಚ್ಚುವುದೆಂದೂ, ಒಳಗೆ ಹರಳಿನ ಹಾಸಿಗೆಯ ಮೇಲೆ ಕುಳಿತಿರುವುದೆಂದೂ ಎಲಿಯಟ್ ಬರೆದಿದ್ದಾನೆ. ನೆಲ ಅಗೆದವರಲ್ಲದೆ ಇದನ್ನು ಕಂಡವರಾರು?

ನಮ್ಮ ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯೂ 1911ರಲ್ಲಿ ಸಸ್ತನಿಗಳ ಸಮೀಕ್ಷೆಯನ್ನು ಕೈಗೊಂಡು ಧಾರವಾಡ, ಉತ್ತರ ಕನ್ನಡ, ಕೊಡಗುಗಳಲ್ಲಿ ಪ್ರಾಣಿಗಳನ್ನು ಸಂಗ್ರಹಿಸಿತು. ಪುಸ್ತಕಗಳಲ್ಲಿ ಎಲಿಯಟ್, ಗ್ರೇ ಇವರ ಹೆಸರುಗಳುಂಟು. ಗುದ್ದಲಿ ಹಿಡಿದವರ ಹೆಸರಿಲ್ಲ. ಅವರ ಮಾತೊಂದು ಮಾತ್ರ ಶಾಸ್ತ್ರದೊಳಗೆ ಉಳಿಯಿತು.

ಮಿತ್ರರೇ, ದಾಸ್ತಾನಿನ ಇಲಿಯನ್ನು ಹಿಡಿಯತಕ್ಕದ್ದೇ. ಆದರೆ ರಜೆಯಲ್ಲಿ ಊರಿಗೆ ಹೋದಾಗ ಗದ್ದೆಯ ಬದುವನ್ನೊಮ್ಮೆ ನೋಡಿರಿ. ನಿಮ್ಮ ಅಜ್ಜ ಆ ಬಿಲದವನನ್ನು ಏನೆಂದು ಕರೆಯುತ್ತಿದ್ದರೆಂದು ಕೇಳಿ, ಬರೆದಿಟ್ಟುಕೊಳ್ಳಿರಿ.