ನಿಲಾಯ್‌ನ ತಾಳೆ ತೋಟದಲ್ಲಿ ಯಾರು ಉಳಿದರು, ಹೇಗೆ ಉಳಿದರು?

ಕ್ವಾಲಾಲಂಪುರದಿಂದ ದಕ್ಷಿಣಕ್ಕೆ ರೈಲು ಹಿಡಿದರೆ ಸೆರೆಂಬಾನ್‌ಗಿಂತ ಮೊದಲು ಸಿಗುವ ಊರು ನಿಲಾಯ್. ನೆಗೆರಿ ಸೆಂಬಿಲಾನ್ ರಾಜ್ಯಕ್ಕೆ ಸೇರಿದ್ದು. ವಿಶ್ವವಿದ್ಯಾಲಯಗಳಿವೆ, ಕಾರ್ಪೆಟ್ಟು-ಬಟ್ಟೆಗಳ ಸಗಟು ಮಳಿಗೆಗಳಿವೆ, ಹತ್ತಿರದ ಸೆಪಾಂಗ್‌ನಲ್ಲಿ ದೇಶದ ದೊಡ್ಡ ವಿಮಾನ ನಿಲ್ದಾಣವಿದೆ. ಆದರೆ ವಿಮಾನ ಇಳಿಯುವಾಗ ಕಿಟಕಿಯಿಂದ ಕಣ್ಣು ತುಂಬ ಕಾಣುವುದು ಸಾಲು ಹಿಡಿದು ನಿಂತ ತಾಳೆ ಮರಗಳು. ಎಣ್ಣೆ ತೆಗೆಯುವ ಆಫ್ರಿಕದ ತಾಳೆ. ಮಲಯದಲ್ಲಿ ಇದನ್ನು ವ್ಯಾಪಾರಕ್ಕೆಂದು ಮೊದಲು ನೆಟ್ಟವನು ಆನ್ರಿ ಫೋಕೋನಿಯೇ ಎಂಬ ಫ್ರೆಂಚ್ ತೋಟಗಾರ. 1917ರಲ್ಲಿ, ಸೆಲಂಗೋರ್‌ನ ತೆನ್ನಮರಮ್ ಎಸ್ಟೇಟಿನಲ್ಲಿ. ಅಂದರೆ ಈ ಪರಿಸರದ ವಯಸ್ಸು ನೂರು ಚಿಲ್ಲರೆ ವರ್ಷ. ಇದರೊಳಗೆ ಓಡಾಡುವ ಪ್ರಾಣಿಗಳ ಮೈಕಟ್ಟು ರೂಪುಗೊಂಡದ್ದು ಲಕ್ಷಾಂತರ ವರ್ಷಗಳಲ್ಲಿ.

ಪ್ರಾಣಿಗಳು ಪರಿಸರಕ್ಕೆ ಹೊಂದಿಕೊಳ್ಳುವುದನ್ನು ಶಾಲೆಯಲ್ಲಿ ಒಂಟೆಯ ಡುಬ್ಬ, ಹಿಮಕರಡಿಯ ತುಪ್ಪಳ ತೋರಿಸಿ ಕಲಿಸುತ್ತಾರೆ. ಅದು ಕೆಲಸವೆಲ್ಲ ಮುಗಿದ ಮೇಲಿನ ಚಿತ್ರ. ಕೆಲಸ ನಡೆಯುತ್ತಿರುವಾಗಲೇ ನೋಡಬೇಕೆಂದರೆ ನಿಲಾಯ್ ಸುತ್ತಮುತ್ತಲಿನಂಥ ಹೊಸ ಜಾಗವೇ ಮೇಲು. ಇಲ್ಲಿ ಉಳಿದುಕೊಂಡ ಪ್ರಾಣಿಗಳೆಲ್ಲ ಒಂದೇ ದಾರಿಯಲ್ಲಿ ಉಳಿದವಲ್ಲ. ಕೆಲವು ಬೇರೆಲ್ಲೋ ಪಡೆದ ಮೈಯನ್ನು ಹೊತ್ತು ಇಲ್ಲಿಗೆ ಬಂದವು. ಕೆಲವು ತಮ್ಮ ಆಯುಸ್ಸಿನಲ್ಲೇ ಹೊಸ ನಡವಳಿಕೆ ಕಲಿತವು. ಇನ್ನು ಕೆಲವಕ್ಕೆ ಪೀಳಿಗೆಯಿಂದ ಪೀಳಿಗೆಗೆ ವಂಶವಾಹಿಯೇ ಬದಲಾಯಿತು. ಈ ಮೂರನ್ನೂ ಕಲಸಿಬಿಟ್ಟರೆ ಯಾವುದೂ ಅರ್ಥವಾಗುವುದಿಲ್ಲ.

ಮಲೇಷ್ಯಾದ ತಾಳೆ ತೋಟಗಳಲ್ಲಿ ಅಲ್ಲಲ್ಲಿ ಎತ್ತರದ ಕಂಬ, ಅದರ ತುದಿಯಲ್ಲೊಂದು ಮರದ ಪೆಟ್ಟಿಗೆ ಕಾಣಸಿಗುತ್ತದೆ. ಹೊಸಬರು ಅದನ್ನು ಕರೆಂಟಿನವರದ್ದೆಂದು ತಿಳಿದರೆ ಆಶ್ಚರ್ಯವಿಲ್ಲ. ಅದು ಕಣಜ ಗೂಬೆಯ ಮನೆ. ನಮ್ಮ ಊರುಗಳ ಪಾಳು ಗುಡಿ, ಹಳೆಯ ಅಟ್ಟಗಳಲ್ಲಿ ಇರುತ್ತದಲ್ಲ, ಬಿಳಿ ಮುಖದ ಗೂಬೆ, ಅದರದೇ ಬಳಗ. 1960ರ ದಶಕದ ಕೊನೆಯವರೆಗೂ ಮಲಯ ಪರ್ಯಾಯದ್ವೀಪದಲ್ಲಿ ಇದು ತೀರ ಅಪರೂಪದ ಹಕ್ಕಿಯಾಗಿತ್ತು. ಆಮೇಲೆ ಜೊಹೊರ್‌ನ ತಾಳೆ ತೋಟದಲ್ಲಿ ಗೂಡು ಸಿಕ್ಕಿತು. 1980ರ ದಶಕದಲ್ಲಿ ತೋಟದವರೇ ಪೆಟ್ಟಿಗೆ ಕಟ್ಟಿಕೊಡತೊಡಗಿದರು. ಈಗ ಪರ್ಯಾಯದ್ವೀಪದ ಉದ್ದಕ್ಕೂ ಹರಡಿದೆ.

ಇಷ್ಟು ಕಡಿಮೆ ಸಮಯದಲ್ಲಿ ಗೂಬೆಯ ಮೈ ತೋಟಕ್ಕಾಗಿ ಬದಲಾದದ್ದೇನೂ ಇಲ್ಲ. ಅದಕ್ಕೆ ಬೇಕಾದದ್ದೆಲ್ಲ ಮೊದಲೇ ಇತ್ತು. ಅಗಲವಾದ ಮುಖ ಮೊರದ ಹಾಗೆ ಸದ್ದನ್ನು ಒಟ್ಟುಮಾಡಿ ಕಿವಿಯತ್ತ ಜಾರಿಸುತ್ತದೆ. ಎರಡು ಕಿವಿಗಳು ಒಂದೇ ಮಟ್ಟದಲ್ಲಿಲ್ಲ. ಒಂದರ ತೂತು ಮೇಲೆ, ಇನ್ನೊಂದರದು ಕೆಳಗೆ. ಒಂದು ಕಿವಿಗೆ ಸದ್ದು ಕೂದಲೆಳೆಯಷ್ಟು ಮೊದಲು ಮುಟ್ಟಿದರೆ ಇಲಿ ಎಡಕ್ಕೋ ಬಲಕ್ಕೋ ಎಂಬುದು ಗೊತ್ತಾಗುತ್ತದೆ. ಒಂದು ಕಿವಿಗೆ ಜೋರಾಗಿ, ಇನ್ನೊಂದಕ್ಕೆ ಮೆಲ್ಲಗೆ ಕೇಳಿದರೆ ಮೇಲೋ ಕೆಳಗೋ ಎಂಬುದು ಗೊತ್ತಾಗುತ್ತದೆ. ಕಗ್ಗತ್ತಲೆಯ ಕೋಣೆಯಲ್ಲೂ ಕಣಜ ಗೂಬೆ ಸದ್ದೊಂದರಿಂದಲೇ ಇಲಿ ಹಿಡಿಯುತ್ತದೆ ಎಂದು 1960ರ ಸುಮಾರಿಗೆ ಪ್ರಯೋಗ ಮಾಡಿ ತೋರಿಸಿದವರು ರೋಜರ್ ಪೇನ್. ತಿಮಿಂಗಿಲದ ಹಾಡನ್ನು ಜಗತ್ತಿಗೆ ಕೇಳಿಸಿದ್ದು ಇದೇ ಪೇನ್. ಕಿವಿಯ ಕೆಲಸ ನಡೆಯಬೇಕಾದರೆ ರೆಕ್ಕೆ ಸದ್ದು ಮಾಡಬಾರದು. ಅದಕ್ಕೆ ರೆಕ್ಕೆಯ ಮುಂದಂಚಿನ ಗರಿಯಲ್ಲಿ ಬಾಚಣಿಗೆಯಂಥ ಹಲ್ಲು, ಹಿಂದಂಚಿನಲ್ಲಿ ಸಡಿಲ ಕುಚ್ಚು, ಮೇಲ್ಮೈಯಲ್ಲಿ ಮಖಮಲ್ಲಿನ ನವಿರು. ಸುಳಿಗಾಳಿ ಒಡೆದು ಸದ್ದು ಅಡಗುತ್ತದೆ.

ತೋಟದಲ್ಲಿ ಸಾಲುಗಳ ನಡುವೆ ತಗ್ಗಿನಲ್ಲಿ ಹಾರಲು ತೆರವಿದೆ, ವರ್ಷವಿಡೀ ಇಲಿ ಇದೆ. ಇಲ್ಲದ್ದು ಒಂದೇ, ಮೊಟ್ಟೆಯಿಡಲು ಪೊಟರೆ. ಎತ್ತರದ ಹಳೆಯ ಕಾಡುಮರಗಳಲ್ಲಿ ಪೊಟರೆ ಆಗುತ್ತದೆ, ತಾಳೆಯಲ್ಲಿ ಆಗುವುದಿಲ್ಲ. ಆ ಕೊರತೆಯನ್ನು ತುಂಬಿದ್ದು ಮನುಷ್ಯನ ಪೆಟ್ಟಿಗೆ. ನಿಲಾಯ್ ಭೂಮಧ್ಯರೇಖೆಗೆ ಮೂರು ಡಿಗ್ರಿಯೊಳಗೇ ಇದೆ. ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇಪ್ಪತ್ತು ನಿಮಿಷದಷ್ಟೇ ವ್ಯತ್ಯಾಸ. ಚಳಿಗಾಲವೆಂಬುದಿಲ್ಲ. ಹಾಗಾಗಿ ಇಲಿ ಹೇರಳವಾಗಿದ್ದರೆ ಗೂಬೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಮರಿ ಮಾಡಬಲ್ಲದು.

ಇಲಿಯ ಕಥೆಯೇ ಬೇರೆ. ನಿಜವಾಗಿ ಬದಲಾದದ್ದು ಅದು.

1950ರ ದಶಕದಿಂದ ಜಗತ್ತಿನೆಲ್ಲೆಡೆ ಇಲಿ ಕೊಲ್ಲಲು ವಾರ್ಫರಿನ್ ಎಂಬ ವಿಷ ಬಳಕೆಗೆ ಬಂತು. ರಕ್ತ ಹೆಪ್ಪುಗಟ್ಟಲು ಮೈಗೆ ಕೆ ವಿಟಮಿನ್ ಬೇಕು. ಒಮ್ಮೆ ಬಳಸಿದ ವಿಟಮಿನ್ನನ್ನು ಮತ್ತೆ ಬಳಸಲು ಬರುವಂತೆ ಮಾಡುವ ಕಿಣ್ವವೊಂದು ಪಿತ್ತಜನಕಾಂಗದಲ್ಲಿದೆ. ವಾರ್ಫರಿನ್ ಆ ಕಿಣ್ವವನ್ನು ತಡೆಹಿಡಿಯುತ್ತದೆ. ಕೆಲವು ದಿನಗಳಲ್ಲಿ ಇಲಿ ಒಳಗೊಳಗೇ ರಕ್ತ ಸೋರಿ ಸಾಯುತ್ತದೆ. ಆದರೆ ಲಕ್ಷ ಇಲಿಗಳಲ್ಲಿ ಎಲ್ಲೋ ಒಂದಕ್ಕೆ ಈ ಕಿಣ್ವದ ವಂಶವಾಹಿಯಲ್ಲಿ ಅಕಸ್ಮಾತ್ತಾಗಿ ಒಂದು ಅಕ್ಷರ ಬೇರೆಯಾಗಿರುತ್ತದೆ ಎನ್ನಿ. ವಿಷ ಅದಕ್ಕೆ ಅಂಟುವುದಿಲ್ಲ. ವಿಷ ಇಡುವ ಮೊದಲು ಆ ಇಲಿಗೆ ಇದರಿಂದ ಯಾವ ಲಾಭವೂ ಇರಲಿಲ್ಲ. ವಿಷ ಇಟ್ಟ ಮೇಲೆ ಉಳಿದವೆಲ್ಲ ಸತ್ತವು, ಅದು ಮರಿ ಹಾಕಿತು. ಇಲಿಗಳು ಕೆಲವೇ ತಿಂಗಳಲ್ಲಿ ಬೆದೆಗೆ ಬರುತ್ತವೆ. ಪೀಳಿಗೆಗಳು ಬೇಗ ಉರುಳುತ್ತವೆ. 1958ರಲ್ಲಿ ಸ್ಕಾಟ್ಲೆಂಡಿನಲ್ಲಿ ಮೊದಲು ಕಂಡ ಈ ವಿಷನಿರೋಧ 1980ರ ದಶಕದ ಹೊತ್ತಿಗೆ ಮಲೇಷ್ಯಾದ ತಾಳೆ ತೋಟದ ಇಲಿಗಳಲ್ಲೂ ಕಂಡುಬಂತು. ಕಾರಣವಾದ ವಂಶವಾಹಿ ಯಾವುದೆಂದು ತಿಳಿದದ್ದು 2004ರಲ್ಲಿ.

ಒಂದು ಇಲಿಯೂ ವಿಷಕ್ಕೆ ಒಗ್ಗಿಕೊಳ್ಳಲಿಲ್ಲ ಎಂಬುದನ್ನು ಗಮನಿಸಬೇಕು. ಆ ಬದಲಾವಣೆ ಮೊದಲೇ ಇಲ್ಲದವು ಸತ್ತವು, ಅಷ್ಟೇ. ‘ಪ್ರಾಣಿ ಬದುಕುವುದಕ್ಕಾಗಿ ತನ್ನನ್ನು ಬದಲಿಸಿಕೊಂಡಿತು’ ಎಂದು ಮಕ್ಕಳ ಪುಸ್ತಕಗಳಲ್ಲಿ ಬರೆಯುತ್ತಾರೆ. ಸಾವಿನ ಲೆಕ್ಕ ಮುಚ್ಚಿಟ್ಟು ಹೇಳುವ ಈ ಕಥೆ ನನಗೆ ಸರಿ ಕಾಣುವುದಿಲ್ಲ. ಈ ಬದಲಾವಣೆ ಪುಕ್ಕಟೆ ಬಂದದ್ದೂ ಅಲ್ಲ. ಬದಲಾದ ಕಿಣ್ವ ಎಷ್ಟೋ ಸಲ ತನ್ನ ಮೂಲ ಕೆಲಸವನ್ನು ಅಷ್ಟು ಚುರುಕಾಗಿ ಮಾಡುವುದಿಲ್ಲ. ಇಲಿಗೆ ಆಹಾರದಲ್ಲಿ ಹೆಚ್ಚು ಕೆ ವಿಟಮಿನ್ ಬೇಕಾಗುತ್ತದೆ. ಬ್ರಿಟನ್ನಿನ ವೇಲ್ಸ್‌ನ ಇಲಿಗಳಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ವಿಷ ಇರುವಲ್ಲಿ ಗೆಲ್ಲುವ ಇಲಿ, ವಿಷ ಇಲ್ಲದಲ್ಲಿ ಸೋಲಬಹುದು.

ಇದೇ ತೋಟದಲ್ಲಿ ಕಲಿಕೆಯಿಂದ ಬಂದ ಬದಲಾವಣೆಯೂ ಇದೆ. ಅದಕ್ಕೆ ಒಂದು ಸಣ್ಣ ಹುಳುವಿನಿಂದ ಶುರುಮಾಡಬೇಕು. ಆಫ್ರಿಕದ ತಾಳೆ ಮಲೇಷ್ಯಾಕ್ಕೆ ಬಂದಾಗ ಅದರ ಪರಾಗಸ್ಪರ್ಶ ಮಾಡುವ ಮೂತಿಹುಳು ಜೊತೆಯಲ್ಲಿ ಬರಲಿಲ್ಲ. ಹೆಣ್ಣು ಹೂಗಳಿಗೆ ಕೂಲಿಯಾಳುಗಳು ಕೈಯಾರೆ ಪರಾಗ ಉದುರಿಸಬೇಕಾಗಿತ್ತು. ರೆಹಮಾನ್ ಸೈಯದ್ ಎಂಬ ಕೀಟತಜ್ಞರ ಅಧ್ಯಯನದ ಫಲವಾಗಿ 1981ರಲ್ಲಿ ಕ್ಯಾಮರೂನ್‌ನಿಂದ ಆ ಹುಳುವನ್ನು ತಂದು ಬಿಟ್ಟರು. ಕಾಯಿ ಕಟ್ಟುವುದು ಹೆಚ್ಚಿತು, ಕೈಕೆಲಸ ನಿಂತಿತು. ಹುಳುವಿನ ಬದುಕು ಪೂರ್ತಿ ತಾಳೆಯ ಗಂಡು ಹೂವಿನಲ್ಲೇ ನಡೆಯುತ್ತದೆ. ಮೊಟ್ಟೆ ಅಲ್ಲೇ, ಮರಿಹುಳುವಿನ ಊಟ ಅಲ್ಲೇ. ಗಂಡು ಹೂವಿಗೆ ಸೋಂಪಿನಂಥ ವಾಸನೆ. ಹೆಣ್ಣು ಹೂವು ಕೂಡ ಅದೇ ವಾಸನೆ ಬಿಟ್ಟು ಹುಳುವನ್ನು ಕರೆಯುತ್ತದೆ, ಆದರೆ ಕೊಡುವುದು ಏನೂ ಇಲ್ಲ. ಮೋಸಹೋದ ಹುಳು ಪರಾಗ ಉದುರಿಸಿ ಹೋಗುತ್ತದೆ.

ಹುಳು ಬಂದ ಮೇಲೆ ತೋಟದ ಇಲಿಗಳಿಗೆ ಹೊಸ ತಿನಿಸು ಸಿಕ್ಕಿತು. ಬಾಡಿದ ಗಂಡು ಹೂಗೊಂಚಲನ್ನು ಹರಿದು ಒಳಗಿನ ಮರಿಹುಳುಗಳನ್ನು ತಿನ್ನುವುದನ್ನು ಅವು ಬಲುಬೇಗ ಕಲಿತವು. ಎಣ್ಣೆಕಾಯಿಯಲ್ಲಿ ಕೊಬ್ಬು ಸಿಗುತ್ತಿತ್ತು, ಹುಳುವಿನಲ್ಲಿ ಪ್ರೋಟೀನ್ ಸಿಕ್ಕಿತು. ವಿಷನಿರೋಧಕ್ಕೆ ಪೀಳಿಗೆಗಳು ಬೇಕಾದವು. ಇದಕ್ಕೆ ಬೇಕಾದದ್ದು ಕುತೂಹಲ, ಮೂಗು, ಹಲ್ಲು.

ಮಂಗಗಳು ಇನ್ನೂ ಒಂದು ಹೆಜ್ಜೆ ಮುಂದೆ. ಪೆರಾಕ್ ರಾಜ್ಯದ ಸೆಗಾರಿಯಲ್ಲಿ ಕಾಡಿನಂಚಿನ ತಾಳೆ ತೋಟಕ್ಕೆ ಬರುವ ಹಂದಿಬಾಲದ ಮಂಗಗಳನ್ನು ಹಲವು ವರ್ಷ ಗಮನಿಸಿದ ಸಂಶೋಧಕರು 2019ರಲ್ಲಿ ವರದಿ ಪ್ರಕಟಿಸಿದರು. ತಾಳೆಯ ಕತ್ತರಿಸಿದ ಗರಿಯ ಬುಡಗಳು ಕಾಂಡಕ್ಕೆ ಅಂಟಿಕೊಂಡೇ ಇರುತ್ತವೆ. ಹಗಲಿನಲ್ಲಿ ಇಲಿಗಳು ಅವುಗಳ ಸಂದಿಯಲ್ಲಿ ಅಡಗುತ್ತವೆ. ಮಂಗಗಳು ಆ ಬುಡಗಳನ್ನು ಕಿತ್ತು ಇಲಿ ಹಿಡಿದು ತಿನ್ನುತ್ತವೆ. ಒಂದು ಗುಂಪು ವರ್ಷಕ್ಕೆ ಸುಮಾರು 3,000 ಇಲಿ ತಿನ್ನಬಲ್ಲದೆಂಬುದು ಅವರ ಲೆಕ್ಕ. ಗೂಬೆ ರಾತ್ರಿ ಪಾಳಿ, ಮಂಗ ಹಗಲು ಪಾಳಿ. ಮಂಗ ಕಾಯಿಯನ್ನೂ ತಿನ್ನುತ್ತದೆ ನಿಜ, ಆದರೆ ಆ ನಷ್ಟ ಇಲಿ ಮಾಡುವ ನಷ್ಟದ ಮುಂದೆ ಏನೂ ಅಲ್ಲ. ಥಾಯ್ಲೆಂಡಿನ ಯಾವೊ ನೋಯ್ ದ್ವೀಪದಲ್ಲಿ ಉದ್ದಬಾಲದ ಮಂಗಗಳು ಕಲ್ಲಿನಿಂದ ತಾಳೆ ಬೀಜ ಒಡೆದು ತಿನ್ನುವುದನ್ನು 2018ರಲ್ಲಿ ವರದಿ ಮಾಡಿದ್ದಾರೆ. ಅಲ್ಲಿಯ ಕರಾವಳಿಯಲ್ಲಿ ಕಲ್ಲಿನಿಂದ ಚಿಪ್ಪುಜೀವಿಗಳನ್ನು ಒಡೆಯುವ ಜಾತಿ ಇದು. ಹೊಸ ಬೆಳೆ ಬಂತು, ಹಳೆಯ ಕೈಚಳಕ ಅದಕ್ಕೂ ಒದಗಿತು. ಊರಂಚಿನಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ ಉದ್ದಬಾಲದ ಮಂಗ. ನಮ್ಮ ಕೋಡಗಕ್ಕೆ ಇರುವ ಗಲ್ಲದ ಚೀಲ ಇದಕ್ಕೂ ಇದೆ. ಸಿಕ್ಕಿದ್ದನ್ನು ತುರುಕಿಕೊಂಡು ಓಡಿ, ಸುರಕ್ಷಿತ ಜಾಗದಲ್ಲಿ ಕೂತು ಅಗಿಯಲು ಹೇಳಿ ಮಾಡಿಸಿದ ಅಂಗ.

ಇನ್ನು ಕನ್ನಡದ ಓದುಗರಿಗೆ ಪರಿಚಯದ ಪ್ರಾಣಿಗೆ ಬರೋಣ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂದಾಗಿನಿಂದ ಹಾರುವ ಓತಿ ನಮಗೆ ಬರೀ ಓತಿಯಲ್ಲ. ಪಶ್ಚಿಮ ಘಟ್ಟದಲ್ಲಿ ಇದರ ಒಂದೇ ಜಾತಿ ಇದೆ. ಮಲಯದ ಕಾಡುಗಳಲ್ಲಿ ಹಲವು ಜಾತಿಗಳಿವೆ. ಅವುಗಳಲ್ಲಿ ಒಂದು ಕಾಡು ಬಿಟ್ಟು ತೋಟ, ಉದ್ಯಾನ, ರಸ್ತೆಬದಿಯ ಮರಗಳಲ್ಲೂ ನೆಮ್ಮದಿಯಾಗಿದೆ. ಉದ್ದವಾಗಿ ಬೆಳೆದ ಪಕ್ಕೆಲುಬುಗಳ ನಡುವೆ ಚರ್ಮ ಹರಡಿ ತೇಲುತ್ತದೆಂಬುದು ಬಹಳ ಹಿಂದೆಯೇ ಗೊತ್ತಿತ್ತು. ತೇಲುವಾಗ ದಿಕ್ಕು ಹೇಗೆ ಬದಲಿಸುತ್ತದೆ ಎಂಬುದು ಸ್ಪಷ್ಟವಾದದ್ದು 2017ರಲ್ಲಿ, ಅದೂ ನಮ್ಮ ಆಗುಂಬೆಯ ಪಕ್ಕದ ಪಾಳುಬಿದ್ದ ಅಡಿಕೆ ತೋಟದಲ್ಲಿ. ಜರ್ಮನಿಯ ಮ್ಯಾಕ್ಸಿಮಿಲಿಯನ್ ಡೆಲಿಂಗ್ ಅಲ್ಲಿ ತೆಗೆದ ಚಿತ್ರಗಳಲ್ಲಿ ಓತಿ ಜಿಗಿದ ಕೂಡಲೇ ಮುಂಗಾಲನ್ನು ಹಿಂದಕ್ಕೆ ತಂದು, ಮಣಿಕಟ್ಟು ತಿರುಗಿಸಿ, ಚರ್ಮದ ಅಂಚನ್ನು ಉಗುರಿನಿಂದ ಹಿಡಿದುಕೊಳ್ಳುತ್ತದೆ. ಕೈ ಆಡಿಸಿದಂತೆ ರೆಕ್ಕೆ ಆಡುತ್ತದೆ. ಮರಕ್ಕೆ ಇಳಿಯುವ ಮುನ್ನ ಕೈಬಿಡುತ್ತದೆ. ಬೋರ್ನಿಯೋದಲ್ಲಿ ಇನ್ನೊಂದು ಜಾತಿಯ ಚರ್ಮದ ಬಣ್ಣ ಆಯಾ ಜಾಗದಲ್ಲಿ ಉದುರುವ ಎಲೆಗಳ ಬಣ್ಣಕ್ಕೆ ಹೊಂದುತ್ತದೆಂದು 2014ರಲ್ಲಿ ತೋರಿಸಿದ್ದಾರೆ. ತೇಲುವ ಓತಿಯನ್ನು ಹಕ್ಕಿ ಉದುರುವ ಎಲೆಯೆಂದು ಬಿಟ್ಟರೆ ಓತಿಗೆ ಲಾಭ.

ತೇಲುವ ಪ್ರಾಣಿಗಳು ಆಗ್ನೇಯ ಏಷ್ಯಾದಲ್ಲೇ ಏಕೆ ಇಷ್ಟೊಂದು? ಓತಿ, ಕಪ್ಪೆ, ಹಾವು, ಅಳಿಲು, ಕೊಲೂಗೋ ಎಂಬ ಸಸ್ತನಿ, ಎಲ್ಲ ತೇಲುತ್ತವೆ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಬಾಲದಿಂದ ಕೊಂಬೆ ಹಿಡಿಯುವ ಪ್ರಾಣಿಗಳೇ ಹೆಚ್ಚು. 1983ರಲ್ಲಿ ಲೂಯಿಸ್ ಎಮ್ಮನ್ಸ್ ಮತ್ತು ಆಲ್ವಿನ್ ಜೆಂಟ್ರಿ ಕೊಟ್ಟ ವಿವರಣೆ ಕಾಡಿನ ರಚನೆಗೆ ಸಂಬಂಧಿಸಿದ್ದು: ಆಗ್ನೇಯ ಏಷ್ಯಾದ ಕಾಡಿನಲ್ಲಿ ಮರದಿಂದ ಮರಕ್ಕೆ ದಾಟಿಸುವ ದಪ್ಪ ಬಳ್ಳಿಗಳು ಕಡಿಮೆ. ಸೇತುವೆ ಇಲ್ಲದಲ್ಲಿ ತೇಲಬಲ್ಲವನಿಗೆ ಅನುಕೂಲ.

ಎತ್ತರದ ಕಾಡು ಕಡಿದು ಗಿಡ್ಡ ತಾಳೆ ನೆಟ್ಟಾಗ ಆ ಅನುಕೂಲವೂ ಹೋಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ ಮೂಲ ಕಾಡಿನ ಪ್ರಾಣಿಜಾತಿಗಳಲ್ಲಿ ಸರಾಸರಿ ನೂರಕ್ಕೆ 15 ಮಾತ್ರ ತಾಳೆ ತೋಟದಲ್ಲಿ ಕಾಣುತ್ತವೆ. ಗೂಬೆ, ಇಲಿ, ಮಂಗಗಳ ಕಥೆ ಕೇಳಿ ಪ್ರಕೃತಿ ಹೇಗೋ ಸಂಭಾಳಿಸಿಕೊಳ್ಳುತ್ತದೆ ಎಂದುಕೊಳ್ಳುವವರಿಗೆ ಈ ಒಂದು ಅಂಕಿ ಸಾಕು.

ನಿಲಾಯ್‌ನಲ್ಲಿ ಇರುವವರು, ಹೋಗುವವರು ಇವನ್ನೆಲ್ಲ ಕಣ್ಣಾರೆ ನೋಡಲು ವಿಶೇಷ ಸಲಕರಣೆ ಬೇಕಿಲ್ಲ. ಎಸ್ಟೇಟುಗಳು ಖಾಸಗಿ ಜಾಗ, ಒಳಗೆ ಹೋಗಲು ಅನುಮತಿ ಕೇಳಿ. ಗೂಬೆ ಪೆಟ್ಟಿಗೆಯ ಕೆಳಗೆ ಕಪ್ಪು ಉಂಡೆಗಳು ಬಿದ್ದಿರುತ್ತವೆ. ಅದು ಹಿಕ್ಕೆಯಲ್ಲ, ಜೀರ್ಣವಾಗದ ಕೂದಲು, ಮೂಳೆಗಳನ್ನು ಗೂಬೆ ಬಾಯಿಂದ ಉಗುಳಿದ್ದು. ಬಿಡಿಸಿದರೆ ಇಲಿಯ ತಲೆಬುರುಡೆ ಇಡಿಯಾಗಿ ಸಿಗುವುದುಂಟು. ಕೈಗವಸು ಹಾಕಿಕೊಳ್ಳಿ, ಆಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ನಮ್ಮ ಮಲೆನಾಡಿನಂತೆ ಅಲ್ಲೂ ಇಲಿಜ್ವರ ಇದೆ. ಸತ್ತುಬಿದ್ದ ಇಲಿಯನ್ನು ಮುಟ್ಟಬೇಡಿ. ವಾರ್ಫರಿನ್ ಕೆಲಸ ಮಾಡದಾದ ಮೇಲೆ ಬಂದ ಹೊಸ ವಿಷಗಳು ಇನ್ನೂ ತೀಕ್ಷ್ಣ, ಇಲಿ ತಿಂದ ಗೂಬೆಯನ್ನೂ ಕೊಲ್ಲುತ್ತವೆ. ಓತಿಯನ್ನು ನೋಡಲು ಬೆಳಗಿನ ಬಿಸಿಲು ಕಾಂಡಕ್ಕೆ ತಾಗುವ ಹೊತ್ತು ಒಳ್ಳೆಯದು. ಓತಿ ತೊಗಟೆಯ ಬಣ್ಣದಲ್ಲೇ ಇರುವುದರಿಂದ ಮೈ ಕಾಣುವುದಿಲ್ಲ, ಗಂಡು ಗಂಟಲಿನ ಹಳದಿ ಚೀಲವನ್ನು ಹೊರಚಾಚಿ ಮಡಿಸುವುದು ಕಾಣುತ್ತದೆ. ಮೋರಿಯ ದಂಡೆಯಲ್ಲಿ ಉಡ ಸಿಕ್ಕರೆ ನಾಲಿಗೆ ನೋಡಿ: ಎರಡು ಕವಲಿನ ತುದಿಗಳು ಎರಡು ಕಡೆಯ ವಾಸನೆ ತರುತ್ತವೆ, ಯಾವ ಕಡೆ ಹೆಚ್ಚೋ ಆ ಕಡೆ ಅದು ತಿರುಗುತ್ತದೆ. ಮಂಗಗಳಿಗೆ ಮಾತ್ರ ಏನನ್ನೂ ತಿನ್ನಲು ಕೊಡಬೇಡಿ. ಪ್ಲಾಸ್ಟಿಕ್ ಚೀಲದ ಸದ್ದು ಎಂದರೆ ಊಟ ಎಂದು ಒಂದು ಕಲಿತರೆ ಮರಿಗಳೂ ನೋಡಿ ಕಲಿಯುತ್ತವೆ, ಆಮೇಲೆ ಚೀಲ ಹಿಡಿದು ನಡೆಯುವ ಯಾರನ್ನೂ ಆ ಗುಂಪು ಬಿಡುವುದಿಲ್ಲ.