ತೊಗಲಿನ ಅಂಚಿಗೆ ಬಣ್ಣ: ಕುಂಚವೋ, ದಬ್ಬಳವೋ?

ಮಕ್ಕಳೇ, ಅಪ್ಪನ ಬೆಲ್ಟನ್ನೋ ಅಮ್ಮನ ಕೈಚೀಲವನ್ನೋ ಎತ್ತಿಕೊಂಡು ಅದರ ಅಂಚನ್ನು ಒಮ್ಮೆ ನೋಡಿ. ಮೇಲೆಲ್ಲ ಹೊಸದರಂತೆ ಹೊಳೆಯುತ್ತಿದ್ದರೂ ಅಂಚಿನಲ್ಲಿ ಬಣ್ಣ ಕಿತ್ತು ನಾರು ಕಾಣುತ್ತಿರಬಹುದು. ತೊಗಲಿನ ಸಾಮಾನು ಮೊದಲು ಹಳತಾಗುವುದೇ ಅಲ್ಲಿ. ಕತ್ತರಿಸಿದ ಕಡೆ ತೊಗಲಿನ ನಾರು ಬಾಯಿ ತೆರೆದುಕೊಂಡಿರುತ್ತದೆ. ಬೆವರು, ಮಳೆನೀರು, ದೂಳು ಒಳಹೊಕ್ಕುವುದು ಆ ಬಾಯಿಯಿಂದಲೇ. ಬಟ್ಟೆಯ ಅಂಚು ಮಡಿಚಿ ಹೊಲಿಯದಿದ್ದರೆ ಎಳೆ ಬಿಡುತ್ತದಲ್ಲ, ಹಾಗೆ. ಅದಕ್ಕೇ ಒಳ್ಳೆಯ ಕೆಲಸಗಾರರು ಅಂಚನ್ನು ಮುಚ್ಚದೆ ಸಾಮಾನನ್ನು ಕೈಬಿಡುವುದಿಲ್ಲ.

ನಾನು ಶಾಲೆಯಲ್ಲಿ ಕ್ರಾಫ್ಟ್ ಮೇಷ್ಟ್ರಾಗಿದ್ದವನು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂದು ವರ್ಗವಾಗುತ್ತ ತಿರುಗಿ, ಈಗ ಶ್ರೀರಂಗಪಟ್ಟಣದಲ್ಲಿ ನೆಲೆ ನಿಂತಿದ್ದೇನೆ. "ಅಂಚಿಗೆ ಬಣ್ಣ ಹಚ್ಚೋಕೆ ಯಾವ ಸಾಧನ ಒಳ್ಳೇದು ಮೇಷ್ಟ್ರೇ?" ಎಂದು ಯಾರು ಕೇಳಿದರೂ ನನ್ನ ಉತ್ತರ ಒಂದೇ: ಸಾಧನ ಆಮೇಲೆ ನೋಡೋಣ, ಮೊದಲು ತೊಗಲು ತೋರಿಸಿ.

ಈ ಪಾಠ ನನಗೆ ಸಿಕ್ಕಿದ್ದು ನಮ್ಮ ಊರುಗಳಲ್ಲೇ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದಲ್ಲಿ, ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ ದನಗಳ ಜಾತ್ರೆ ನಡೆಯುತ್ತದೆ. ಎತ್ತಿನ ಕೊರಳಿಗೆ ಕಟ್ಟುವ ಹಳೆಯ ಗೆಜ್ಜೆಪಟ್ಟಿಗಳನ್ನು ಅಲ್ಲಿ ಮುಟ್ಟಿ ನೋಡಿದ್ದೇನೆ. ಅಂಚಿಗೆ ಬಣ್ಣದ ಸೋಂಕೂ ಇಲ್ಲ, ಆದರೂ ಉಜ್ಜಿ ಉಜ್ಜಿ ಗಾಜಿನಂತೆ ನುಣುಪಾಗಿರುತ್ತದೆ.

ನಾಗಮಂಗಲದ ತೊಗಲುಗೊಂಬೆಗಳ ಮಾತೇ ಬೇರೆ. ಅಲ್ಲಿ ಆಡಿನ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹೆರೆದು, ಉಳಿಯಿಂದ ಸಣ್ಣ ಸಣ್ಣ ತೂತು ಕೊರೆದು, ಎರಡೂ ಕಡೆ ತೆಳುಬಣ್ಣ ಕೊಡುತ್ತಾರೆ. ದಪ್ಪ ಬಣ್ಣ ಬಳಿದರೆ ಬೆಳಕು ಹಾಯದೆ, ಪರದೆಯ ಮೇಲೆ ಕೆಂಪು ಹಸಿರೆಲ್ಲ ಕಪ್ಪಾಗಿಬಿಡುತ್ತದೆ. ಆದ್ದರಿಂದ ಗೊಂಬೆಗೆ ಬೇಕಾದದ್ದು ಒಳಗೆ ಇಂಗುವ ತೆಳುಬಣ್ಣ ಮತ್ತು ಮೃದು ಕುಂಚ. ಈ ತೊಗಲುಗೊಂಬೆಯಾಟಕ್ಕಾಗಿಯೇ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಚೀಲ, ಬೆಲ್ಟಿನ ಅಂಚಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಅದು ನಾರಿನ ಮೇಲೆ ಪದರವಾಗಿ ಕೂತು, ಬಾಯಿ ಮುಚ್ಚುವ ದಪ್ಪ ಬಣ್ಣ.

ಕಳೆದ ವರ್ಷ ಇದೆಲ್ಲ ನಮ್ಮ ಮನೆಯಲ್ಲೇ ಉಪಯೋಗಕ್ಕೆ ಬಂತು. 1610ರಲ್ಲಿ ರಾಜ ಒಡೆಯರು ದಸರಾ ಶುರು ಮಾಡಿದ ಊರು ನಮ್ಮದು. ಈಗಲೂ ಇಲ್ಲಿ ದಸರಾ ನಡೆಯುತ್ತದೆ. ಅದರಲ್ಲಿ ಕುಣಿಯಲು ನನ್ನ ಮೊಮ್ಮಗಳು ತಯಾರಾಗುತ್ತಿದ್ದಳು. ಇನ್ನು 15 ದಿನ ಇದೆ ಎನ್ನುವಾಗ ಕಾಲು ತೋರಿಸಿದಳು. ಗೆಜ್ಜೆಯ ಪಟ್ಟಿ ಉಜ್ಜಿ ಉಜ್ಜಿ ಚರ್ಮ ಕೆಂಪಾಗಿತ್ತು.

"ಹೊಸಾದು ತಕ್ಕೊಡ್ಲಾ ಮಗ?"

"ಬ್ಯಾಡ ತಾತ. ಇದು ಅಜ್ಜಿ ಗೆಜ್ಜೆ. ಇದನ್ನೇ ಕಟ್ಕೋತೀನಿ."

ಅವಳ ಅಜ್ಜಿ, ಎಂದರೆ ನನ್ನ ಹೆಂಡತಿ, ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನಾನು ಮರುಮಾತಾಡಲಿಲ್ಲ.

ಗೆಜ್ಜೆಯನ್ನು ಜಗಲಿಯ ಮೇಲೆ ಹರಡಿ ಇಬ್ಬರೂ ಕೂತೆವು. ಮೊದಲು ಪರೀಕ್ಷೆ. ಪಟ್ಟಿಯ ಅಂಚಿಗೆ ಒಂದು ಹನಿ ನೀರು ಬಿಟ್ಟೆವು. ಕೂಡಲೇ ಹೀರಿಕೊಂಡು ಕಪ್ಪಾಯಿತು. ಒಳಗೂ ಹೊರಗೂ ಒಂದೇ ಕಂದುಬಣ್ಣ. ತಂಗಡಿ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿಯಂಥವುಗಳಿಂದ ಹದ ಮಾಡಿದ ತೊಗಲಿನ ಗುರುತು ಅದು. ಕಟ್ಟುವ ದಾರ ಹಳತಾಗಿತ್ತೆಂದು ತಂದಿದ್ದ ಹೊಸ ಬಾರಿನ ಮೇಲೆ ನೀರು ಸುಮ್ಮನೆ ನಿಂತಿತು. ಅದರ ಕತ್ತರಿಸಿದ ಭಾಗ ನೀಲಿಬೂದು. ಅದು ಕ್ರೋಮಿಯಂ ಉಪ್ಪಿನಿಂದ ಹದ ಮಾಡಿದ ತೊಗಲು. ಇವತ್ತಿನ ಚೀಲ, ಪರ್ಸು, ಷೂಗಳಲ್ಲಿ ಹೆಚ್ಚಿನವು ಇದೇ.

ತೊಗಟೆಯಲ್ಲಿ ಹದವಾದ ತೊಗಲನ್ನು ಒದ್ದೆ ಮಾಡಿ ಉಜ್ಜಿದರೆ ನಾರು ಒಂದಕ್ಕೊಂದು ಅಂಟಿ ನುಣುಪಾಗುತ್ತದೆ. ಕ್ರೋಮ್ ತೊಗಲು ಎಷ್ಟು ಉಜ್ಜಿದರೂ ಮೆತ್ತಗೇ ಉಳಿಯುತ್ತದೆ. ಅದರ ಅಂಚಿಗೆ ಬಣ್ಣವೇ ಗತಿ. ಹಾಗಾಗಿ ಅಜ್ಜಿಯ ಪಟ್ಟಿಗೆ ಬಣ್ಣ ಬೇಡವೆಂದು ತೀರ್ಮಾನಿಸಿದೆವು. ಬೆವರಿಗೆ ಬಣ್ಣ ಸುಲಿದು ಬರುವ ಭಯವೂ ಇತ್ತು. ಅಂಚನ್ನು ಉಪ್ಪುಕಾಗದದಿಂದ ಸಮ ಮಾಡಿ, ಒದ್ದೆಬಟ್ಟೆ ಸವರಿ, ಮುರಿದ ಲಟ್ಟಣಿಗೆಯ ನುಣುಪಾದ ಹಿಡಿಯಿಂದ ಉಜ್ಜುತ್ತ ಹೋದೆವು. ಬಿಸಿ ಹತ್ತಿದಂತೆ ಹೊಳಪು ಬಂತು. ಕೊನೆಗೆ ಒಂದಿಷ್ಟು ಜೇನುಮೇಣ.

ಬಣ್ಣ ಬೇಕಾದದ್ದು ಹೊಸ ಬಾರಿಗೆ. ಸಾಧನದ ಪ್ರಶ್ನೆ ಬಂದದ್ದು ಆಗ. ಅಂಚಿನ ಬಣ್ಣ ಆಲೆಮನೆಯ ಜೋನಿಬೆಲ್ಲದಷ್ಟು ಗಟ್ಟಿ ಇರುತ್ತದೆ. ಮನೆಯಲ್ಲಿದ್ದುದನ್ನೆಲ್ಲ ಒಂದೊಂದಾಗಿ ತುಂಡು ತೊಗಲಿನ ಮೇಲೆ ಪ್ರಯೋಗಿಸಿದೆವು.

ಕಡ್ಡಿಗೆ ಸುತ್ತಿದ ಹತ್ತಿ ತೆಳುಬಣ್ಣಕ್ಕೆ ಸರಿ. ಗಟ್ಟಿ ಬಣ್ಣಕ್ಕೆ ಹತ್ತಿಯ ಎಳೆಗಳೇ ಅಂಟಿಕೊಳ್ಳುತ್ತವೆ. ಕುಂಚ ಅಗಲವಾದ ಅಂಚಿಗೂ ಬಾಗಿದ ಮೂಲೆಗೂ ಚೆನ್ನ. ಆದರೆ ಕೂದಲಿನ ಗೆರೆ ಉಳಿಯುತ್ತದೆ, ಬಣ್ಣ ಹೆಚ್ಚಾದರೆ ಮೇಲ್ಮೈಗೆ ಹರಿಯುತ್ತದೆ. ಅಂಗಡಿಯಲ್ಲಿ ಸಿಗುವ ಗಾಲಿಪೆನ್ನಿನ ತುದಿಯಲ್ಲಿ ಸಣ್ಣ ಗಾಲಿ ತಿರುಗುತ್ತ ಬಣ್ಣ ಬಿಡುತ್ತದೆ. ಬೆಲ್ಟಿನಂಥ ಉದ್ದ, ನೇರ ಅಂಚಿಗೆ ಅದರಷ್ಟು ಬೇಗ ಇನ್ನಾವುದೂ ಮುಗಿಸದು. ಕೆಲಸವಾದ ಕೂಡಲೇ ತೊಳೆಯದಿದ್ದರೆ ಬಣ್ಣ ಒಣಗಿ ಗಾಲಿ ಕಚ್ಚಿಕೊಳ್ಳುತ್ತದೆ.

ನಮ್ಮ ಬಾರು ಎರಡು ಮಿಲಿಮೀಟರ್ ದಪ್ಪ. ಅದಕ್ಕೆ ಗೆದ್ದದ್ದು ಗೋಣಿಚೀಲ ಹೊಲಿಯುವ ದಬ್ಬಳ! ಅದರ ತುದಿಯನ್ನು ಬಣ್ಣದಲ್ಲಿ ಅದ್ದಿ, ಹೆಚ್ಚಾದದ್ದನ್ನು ಬಟ್ಟಲಿನ ಬಾಯಿಗೆ ಸವರಿ, ಅಂಚಿನ ಮೇಲೆ ಅಡ್ಡ ಮಲಗಿಸಿ ಮೆಲ್ಲಗೆ ಹೊರಳಿಸಬೇಕು. ಚುಚ್ಚುವುದಲ್ಲ, ಗೀರುವುದೂ ಅಲ್ಲ. ತಾವರೆ ಎಲೆಯ ಮೇಲೆ ನೀರು ಗುಂಡಗೆ ನಿಲ್ಲುವಂತೆ ಬಣ್ಣ ಅಂಚಿನ ಮೇಲೆ ಗುಂಡಗೆ ನಿಲ್ಲುತ್ತದೆ, ಪಕ್ಕಕ್ಕೆ ಇಳಿಯುವುದಿಲ್ಲ. ಲೋಹವಾದ್ದರಿಂದ ಒರೆಸಿದರೆ ಸಾಕು, ಸ್ವಚ್ಛ. ಚಿಕ್ಕ ಮಕ್ಕಳಿಗೆ ಮೊನೆಯಿಲ್ಲದ ಬಿದಿರುಕಡ್ಡಿ ಕೊಡಿ. ಅದೂ ಹೀಗೇ ಕೆಲಸ ಮಾಡುತ್ತದೆ.

ಒಂದೇ ಸಲ ದಪ್ಪಗೆ ಬಳಿಯಬಾರದು. ಮೇಲೆ ಒಣಗಿ ಒಳಗೆ ಹಸಿ ಉಳಿದು, ಬಾಗಿಸಿದಾಗ ಬಿರಿಯುತ್ತದೆ. ತೆಳುವಾಗಿ ಒಮ್ಮೆ ಹಚ್ಚಿ, ಪೂರ್ತಿ ಒಣಗಿದ ಮೇಲೆ 400 ನಂಬರಿನ ಉಪ್ಪುಕಾಗದ ಆಡಿಸಿ, ಮತ್ತೆ ಹಚ್ಚಿ, ಈ ಸಲ 600ರಿಂದ ನಯ ಮಾಡಿ, ಕೊನೆಯ ಪದರ ಕೊಡಬೇಕು. ನೀರಿನಲ್ಲಿ ಕರಗುವ ಬಣ್ಣವನ್ನೇ ಆರಿಸಿ. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಚಾಕು ಹಿಡಿಯುವ ಕೆಲಸ ದೊಡ್ಡವರದು.

ನಮಗೆ ಮೂರು ಪದರಕ್ಕೆ ಮೂರು ಸಂಜೆ ಹಿಡಿಯಿತು. ಒಂದು ಪದರ ಒಣಗುವವರೆಗೆ ಬೇರೆ ಕೆಲಸವಿರಲಿಲ್ಲ. ಅಜ್ಜಿ ಎಲ್ಲೆಲ್ಲಿ ಕುಣಿದಿದ್ದಳು ಎಂದು ಮೊಮ್ಮಗಳು ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ. ದಸರೆಯ ಸಂಜೆ ಅವಳು ಅದೇ ಗೆಜ್ಜೆ ಕಟ್ಟಿ ಕುಣಿದಳು. ಇಳಿದು ಬಂದವಳೇ ಕಾಲು ಚಾಚಿ ತೋರಿಸಿದಳು. ಎಲ್ಲೂ ಕೆಂಪಾಗಿರಲಿಲ್ಲ.

ಅಜ್ಜ ಅಜ್ಜಿಯರೇ, ಚಪ್ಪಲಿ ಹೊಲಿಯುವವರ ಹತ್ತಿರ ಕೇಳಿದರೆ ಅಂಗೈಯಗಲದ ತುಂಡು ತೊಗಲು ಸಿಗುತ್ತದೆ. ಈ ಭಾನುವಾರ ಮೊಮ್ಮಕ್ಕಳಿಗೆ ಒಂದು ಹನಿ ನೀರು, ಒಂದು ಕುಂಚ, ಒಂದು ಬಿದಿರುಕಡ್ಡಿ ಕೊಟ್ಟು ಕೂರಿಸಿ. ಮಕ್ಕಳೇ, ಯಾವುದು ಗೆದ್ದಿತು ಎಂದು ನೀವೇ ಅಜ್ಜಿಗೆ ಹೇಳಿ.