ಅದಿರಿನ ಬೆಟ್ಟದ ಕೆಳಗಿನ ನೀರು

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಬಯಲಿನವರಿಗೆ ಮಳೆಗಾಲದ ಹಸಿರು ನೋಡುವ ಆಸೆಯಾದರೆ ಮಲೆನಾಡಿಗೇ ಹೋಗಬೇಕಿಲ್ಲ. ತೋರಣಗಲ್ಲಿನಿಂದ ಸಂಡೂರಿನ ದಾರಿ ಹಿಡಿದರೆ ತಾರಾನಗರದ ಬಳಿ ಬೆಟ್ಟಗಳ ನಡುವೆ ನಾರಿಹಳ್ಳ ಜಲಾಶಯ ಸಿಗುತ್ತದೆ. ಮಳೆ ಚೆನ್ನಾಗಿ ಬಿದ್ದ ವರ್ಷ ರಜೆಯ ದಿನಗಳಲ್ಲಿ ಇಲ್ಲಿಗೆ ಬುತ್ತಿ ಕಟ್ಟಿಕೊಂಡು ಬರುವವರಿದ್ದಾರೆ.

ಹದಿನೈದು, ಇಪ್ಪತ್ತು ವರ್ಷಗಳ ಹಿಂದೆ ಈ ದಾರಿಗೆ ಸಂತೋಷಕ್ಕಾಗಿ ಯಾರೂ ಬರುತ್ತಿರಲಿಲ್ಲ. ಅದಿರು ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಗಿಡ, ಮನೆ, ಹೊಲದ ಬೆಳೆ ಎಲ್ಲವೂ ಕೆಂಪು. ಇಲ್ಲಿನ ಗಣಿಗಾರಿಕೆ ಘೋರ್ಪಡೆ ಅರಸರ ಸಂಸ್ಥಾನದ ಕಾಲದ್ದು. ಮೊದಲು ಮ್ಯಾಂಗನೀಸ್, ಎಪ್ಪತ್ತರ ದಶಕದಲ್ಲಿ ದೋಣಿಮಲೆಯ ಎನ್‌ಎಂಡಿಸಿ ಗಣಿ. ಆದರೆ 2000ದ ನಂತರ ಚೀನಾದ ಬೇಡಿಕೆ ಏರಿದ ಮೇಲೆ ನಡೆದದ್ದು ಬರೀ ಲೂಟಿ. ಅದರ ಕುರಿತು ಲೋಕಾಯುಕ್ತ ಸಂತೋಷ್ ಹೆಗ್ಡೆ ಅಂತಿಮ ವರದಿ ಕೊಟ್ಟದ್ದೂ, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದ್ದೂ 2011ರ ಜುಲೈ ತಿಂಗಳಲ್ಲೇ. ಧೂಳು ಇಳಿಯಿತು. ದುಡಿಯುವವರ ಕೂಲಿಯೂ ನಿಂತಿತು, ಅದನ್ನು ಮರೆಯುವಂತಿಲ್ಲ. ಆಮೇಲೆ ಗಣಿಗಳು ಮಿತಿಯೊಳಗೆ ಮತ್ತೆ ತೆರೆದವು.

ನಾರಿಹಳ್ಳದ ನೀರು ಮುಂದೆ ದರೋಜಿ ಕೆರೆ ಸೇರುತ್ತದೆ. ಗಣಿಯ ಭರಾಟೆಗೆ ಮೊದಲೇ, 1994ರಲ್ಲಿ, ಇಲ್ಲಿನ ಕಲ್ಲುಗುಡ್ಡಗಳು ಕರಡಿಧಾಮವಾದವು. ಅರಣ್ಯ ಸಿಬ್ಬಂದಿ ಬಂಡೆಗಳಿಗೆ ಸಿಹಿ ಬಳಿದಿಡುತ್ತಾರೆ. ಇಳಿಹೊತ್ತಿಗೆ ಕರಡಿಗಳು ಗವಿಗಳಿಂದ ಹೊರಟು ಬಂದು ಅದನ್ನು ನೆಕ್ಕುತ್ತವೆ. ತಾಯಿಯ ಬೆನ್ನೇರಿ ಬರುವ ಮರಿಯನ್ನು ವೀಕ್ಷಣಾ ಗೋಪುರದಿಂದ ಕಂಡರೆ ಮಕ್ಕಳು ಹೋಗಲಿ, ದೊಡ್ಡವರೂ ಉಸಿರು ಬಿಗಿಹಿಡಿಯುತ್ತಾರೆ. ಹಂಪಿಗೆ ಬಂದವರಲ್ಲಿ ಹಲವರು ಈಗ ಇಲ್ಲಿಗೂ ಬರುತ್ತಾರೆ.

ಸಂಡೂರಿನಲ್ಲಿ ನೋಡಲು ಇನ್ನೂ ಇದೆ: ಬೆಟ್ಟದ ಮೇಲಿನ ಕುಮಾರಸ್ವಾಮಿ, ಪಾರ್ವತಿ ಗುಡಿಗಳು, 2010ರಲ್ಲಿ ಜಿಐ ಮಾನ್ಯತೆ ಪಡೆದ ಲಂಬಾಣಿ ಕಸೂತಿ. ಆ ಕಸೂತಿಯನ್ನು ಹೊಲಿಯುವ ಹೆಣ್ಣುಮಕ್ಕಳ ಕೈಯಿಂದಲೇ ಕೊಳ್ಳಿ.

ಆದರೆ ಗಣಿ ಹೋಗಿ ಪ್ರವಾಸ ಬಂತು ಎಂದರೆ ಸುಳ್ಳಾಗುತ್ತದೆ. ಎರಡೂ ಒಂದೇ ಕಣಿವೆಯಲ್ಲಿವೆ. ಅಗೆದ ಬೆಟ್ಟದ ಮಣ್ಣು ಮಳೆಯಲ್ಲಿ ಹಳ್ಳಕ್ಕಿಳಿದು ಹೂಳಾಗುತ್ತದೆ. ಹೂಳು ತುಂಬಿದರೆ ಪ್ರವಾಸಿಗೂ ರೈತನಿಗೂ ನೀರಿಲ್ಲ. ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದೇ ಕೋರ್ಟಿನ ಆದೇಶದಂತೆ ಸಂಗ್ರಹವಾದ ಹಣವಿದೆ. ರೆಸಾರ್ಟು, ಕಮಾನುಗಳಿಗಿಂತ ಮೊದಲು ಅದು ನಾರಿಹಳ್ಳದ ಹೂಳಿಗೆ, ದರೋಜಿ ಕೆರೆಯ ಏರಿಗೆ ಖರ್ಚಾಗಲಿ.